ಕೀಲಿಮಣೆ ಮಾಡಿಸಿದ ರಾಜಿ

ದುನ್ಯೆವೊ ಪಟ್ಟಣದಲ್ಲಿ ಎಲ್ಲರೂ ನನ್ನನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಾರೆ. ನಾನು ಡಾಕ್ಟರಲ್ಲ, ಕಟ್ಟುಹಲ್ಲು ಮಾಡುವವಳು, ಹೆಸರು ಸ್ಪೊಮೆಂಕಾ. ಹಲ್ಲಿಗೆ ಬಳಸುವ ಅಕ್ರಿಲಿಕ್ಕಿನಲ್ಲೇ ಕೀಲಿಮಣೆಯ ಗುಂಡಿಗಳನ್ನೂ ಎರಕ ಹೊಯ್ಯಬಹುದು ಎಂದು ಗೊತ್ತಾದದ್ದು ಆರು ವರ್ಷದ ಹಿಂದೆ. ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ನಾವು ಮೂವರು ಮಾಂಸದಂಗಡಿಯ ಮಹಡಿಯಲ್ಲಿರುವ ಬೇಟೆಗಾರರ ಸಂಘದ ಕೋಣೆಯಲ್ಲಿ ಸೇರಿ, ಕಾಡುಹಂದಿ ತಲೆಗಳ ಕೆಳಗೆ ಕೂತು ಕೀಲಿಮಣೆ ಕಟ್ಟುತ್ತೇವೆ.

ಕಟ್ಟುವುದರಲ್ಲಿ ನಮಗೆ ಜಗಳವಿಲ್ಲ. ಮೂವರ ಬೆಸುಗೆಯೂ ಚೆನ್ನಾಗಿದೆ, ಗುಂಡಿಗಳು ಹೇಗೂ ನನ್ನವೇ. ಜಗಳವೆಲ್ಲ ಫರ್ಮ್‌ವೇರಿನ ಬಗ್ಗೆ. ಕೀಲಿಮಣೆಯ ಹೊಟ್ಟೆಯಲ್ಲಿ ಉಗುರಿನಷ್ಟು ದೊಡ್ಡ ಚಿಪ್ ಇರುತ್ತದೆ. ಯಾವ ಗುಂಡಿ ಒತ್ತಿದರೆ ಕಂಪ್ಯೂಟರಿಗೆ ಏನು ಹೇಳಬೇಕು ಎಂದು ಅದಕ್ಕೆ ಕಲಿಸುವ ಪಾಠವೇ ಫರ್ಮ್‌ವೇರ್. ಆ ಪಾಠ ಯಾವುದಿರಬೇಕು ಎಂಬುದರಲ್ಲಿ ಮೂವರೂ ಮೂರು ದಿಕ್ಕು.

ಓಜ್ರೆನ್ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅವನದು ಕ್ಯೂಎಂಕೆ ಎಂಬ ಫರ್ಮ್‌ವೇರ್. ಒಂದು ಅಲ್ಪವಿರಾಮದ ಜಾಗ ಬದಲಿಸಬೇಕೆಂದರೂ ಕೋಡ್ ಬರೆದು, ಕಂಪೈಲ್ ಮಾಡಿ, ಚಿಪ್ಪಿಗೆ ಇಳಿಸಬೇಕು. ಆ ಕಷ್ಟವೇ ಅದರ ಹೆಚ್ಚುಗಾರಿಕೆ ಎಂಬುದು ಅವನ ವಾದ. ಪೋಸ್ಟ್‌ಮ್ಯಾನ್ ತಿಹೊಮಿರ್‌ನದು ಜೆಡ್‌ಎಂಕೆ, ತಂತಿಯಿಲ್ಲದ ಕೀಲಿಮಣೆಗಳಿಗೆ ಹೇಳಿ ಮಾಡಿಸಿದ್ದು. ದಿನವಿಡೀ ನಾಯಿಗಳ ಸರಪಣಿಯ ಉದ್ದ ಅಳೆಯುತ್ತಾ ನಡೆಯುವವನಿಗೆ, ಕಟ್ಟಿಹಾಕಿದ ಯಾವ ವಸ್ತುವನ್ನೂ ಕಂಡರಾಗುವುದಿಲ್ಲ. ನನ್ನದು ವಯಲ್. ಅದು ಕ್ಯೂಎಂಕೆಯಿಂದಲೇ ಹುಟ್ಟಿದ್ದು. ಆದರೆ ಪರದೆಯ ಮೇಲೆ ಗುಂಡಿಯ ಚಿತ್ರ ಮುಟ್ಟಿ ಬದಲಿಸಿದರೆ ಸಾಕು, ಆ ಕ್ಷಣವೇ ಬದಲಾಗುತ್ತದೆ.

"ಅದು ಮಕ್ಕಳಾಟ ಡಾಕ್ಟ್ರಮ್ಮ," ಎನ್ನುತ್ತಿದ್ದ ಓಜ್ರೆನ್. "ಕಷ್ಟ ಪಡದೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ."

"ನಿಮ್ಮ ಮನೇಲಿ ದೀಪ ಹಚ್ಚೋಕೂ ಮೊದಲು ತಂತಿ ಎಳೀತೀರಾ ಮೇಷ್ಟ್ರೇ?" ಎಂದು ನಾನು ಕೇಳುತ್ತಿದ್ದೆ.

"ತಂತಿ ಯಾಕೆ ಬೇಕು ಅಂತ," ಎಂದು ತಿಹೊಮಿರ್ ಮೂಲೆಯಿಂದ ಶುರುಮಾಡುತ್ತಿದ್ದ. ಕೆಳಗಿನ ಅಂಗಡಿಯವನು ಕೊಡಲಿಯ ಹಿಡಿಯಿಂದ ಚಾವಣಿ ಕುಟ್ಟುವವರೆಗೂ ಇದು ನಡೆಯುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ, ಎರಡೂ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ನೆವೆಂಕಾ, ಊರಿನ ನ್ಯಾಯಾಲಯದ ಟೈಪಿಸ್ಟ್. ನಮ್ಮಲ್ಲಿ ವಿಚಾರಣೆ ನಡೆಯುವಾಗ ಯಾರು ಏನೇ ಹೇಳಿದರೂ ಅದು ನೇರವಾಗಿ ದಾಖಲೆಗೆ ಹೋಗುವುದಿಲ್ಲ. ನ್ಯಾಯಾಧೀಶರು ಅದನ್ನು ತಮ್ಮ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಾರೆ, ಟೈಪಿಸ್ಟ್ ಕುಟ್ಟುತ್ತಾಳೆ. ನೆವೆಂಕಾ ಇಪ್ಪತ್ತೊಂಬತ್ತು ವರ್ಷದಿಂದ ಕುಟ್ಟುತ್ತಿದ್ದಳು; ಕೊನೆಯ ಹದಿನಾರು ವರ್ಷ ನ್ಯಾಯಾಧೀಶ ಪಾಂತೆಲಿಚ್ ಅವರ ಬಾಯಿಗೆ.

"ಕೈ ಬಿದ್ದುಹೋಗ್ತಿದೆ," ಎಂದಳು ಅವಳು. "ನೀವು ಏನೋ ವಿಚಿತ್ರ ಕೀಬೋರ್ಡ್ ಮಾಡ್ತೀರಂತೆ. ಒಂದೇ ಷರತ್ತು. ಕೋರ್ಟಿನ ಕಂಪ್ಯೂಟರಿಗೆ ಕೀಬೋರ್ಡ್ ಬಿಟ್ಟು ಬೇರೇನೂ ಹಾಕೋ ಹಾಗಿಲ್ಲ. ಒಂದು ಪೆನ್‌ಡ್ರೈವ್ ಚುಚ್ಚಿದ್ರೂ ಕೆಳಗಿನಿಂದ ಕಾವಲುಗಾರ ಓಡಿ ಬರ್ತಾನೆ."

"ಹಾಗಿದ್ರೆ ಬುದ್ಧಿ ಎಲ್ಲ ಕೀಬೋರ್ಡಿನೊಳಗೇ ಇರಬೇಕು," ಎಂದ ಓಜ್ರೆನ್. ಅವನ ಕಣ್ಣು ಹೊಳೆಯಿತು. ತಿಹೊಮಿರ್ ಎದ್ದು ನಿಂತ. ನಾನೂ ಆಗಲೇ ಅಳತೆಪಟ್ಟಿಗೆ ಕೈ ಹಾಕಿದ್ದೆ ಎಂದು ಒಪ್ಪಿಕೊಳ್ಳಬೇಕು. ಆರು ವರ್ಷದಲ್ಲಿ ನಮ್ಮ ಹತ್ತಿರ ನಿಜವಾದ ಕೆಲಸಕ್ಕೆ ಕೀಲಿಮಣೆ ಕೇಳಿಕೊಂಡು ಬಂದ ಮೊದಲ ವ್ಯಕ್ತಿ ಅವಳು.

ಒಂದೇ ನಮೂನೆಯ ಮೂರು ಕೀಲಿಮಣೆ ಕಟ್ಟುವುದೆಂದೂ, ಒಳಗೆ ಮೂರು ಬೇರೆ ಬೇರೆ ಫರ್ಮ್‌ವೇರ್ ಇಟ್ಟು ನೆವೆಂಕಾ ಒಂದೊಂದನ್ನೂ ಒಂದೊಂದು ವಾರ ನ್ಯಾಯಾಲಯದಲ್ಲಿ ಬಳಸುವುದೆಂದೂ ತೀರ್ಮಾನವಾಯಿತು. ಎಡಗೈಗೊಂದು, ಬಲಗೈಗೊಂದು ಎಂದು ಎರಡು ಹೋಳಾದ ಕೀಲಿಮಣೆ. ಭುಜದಷ್ಟು ಅಗಲಕ್ಕೆ ಇಟ್ಟುಕೊಂಡರೆ ಮಣಿಕಟ್ಟು ತಿರುಚುವುದಿಲ್ಲ. ಗುಂಡಿಗಳಿಗೆ ಬಾಚಿಹಲ್ಲಿನ ಬಣ್ಣ ಹಾಕಿದೆ. ನನ್ನ ಹತ್ತಿರ ಅದೇ ಉಳಿದಿತ್ತು.

ಮೊದಲ ವಾರ ಓಜ್ರೆನ್‌ನದು. ಅದು ಬಂಡೆಯ ಹಾಗೆ ಗಟ್ಟಿ, ಒಂದು ಅಕ್ಷರವೂ ತಪ್ಪಲಿಲ್ಲ. ಆದರೆ ನೆವೆಂಕಾಗೆ ಆವರಣ ಚಿಹ್ನೆಯ ಗುಂಡಿ ಸ್ವಲ್ಪ ಎಡಕ್ಕೆ ಬೇಕಾಗಿತ್ತು. ಸೋಮವಾರ ಕೆಲಸ ಮುಗಿಸಿ ಕೀಲಿಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಹೈಸ್ಕೂಲಿಗೆ ಹೋದಳು. ಓಜ್ರೆನ್ ಪ್ರಯೋಗಶಾಲೆಯಲ್ಲಿ ಅವಳನ್ನು ಒಣಹುಲ್ಲು ತುಂಬಿ ನಿಲ್ಲಿಸಿದ ಬಿಜ್ಜು ಪ್ರಾಣಿಯ ಪಕ್ಕ ಕೂರಿಸಿ, ಮೊದಲು ಫರ್ಮ್‌ವೇರಿನ ಇತಿಹಾಸ ಹೇಳಿದ. ಮಂಗಳವಾರ ಕೋಡ್ ಬರೆದ. ಬುಧವಾರ ಕಂಪೈಲ್ ಆಗಲಿಲ್ಲ. ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು. ಗುರುವಾರ ಗುಂಡಿ ಎಡಕ್ಕೆ ಬಂತು. ಶುಕ್ರವಾರ ಅವಳು, "ಮೊದಲಿದ್ದ ಜಾಗವೇ ವಾಸಿ ಅನ್ಸುತ್ತೆ ಮೇಷ್ಟ್ರೇ," ಎಂದಳು. ಓಜ್ರೆನ್ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಎರಡನೆಯ ವಾರ ತಿಹೊಮಿರ್‌ನದು. ಕೋರ್ಟಿನ ಕಂಪ್ಯೂಟರಿಗೆ ಬ್ಲೂಟೂತ್ ಇಲ್ಲದ ಕಾರಣ ಮನಸ್ಸಿಲ್ಲದ ಮನಸ್ಸಿನಿಂದ ತಂತಿ ಹಾಕಿಕೊಟ್ಟಿದ್ದ. ಬೇಕೆಂದಾಗ ತಂತಿಯಿಂದ ಬ್ಲೂಟೂತಿಗೆ ಹಾರಲು ಒಂದು ಗುಂಡಿಯನ್ನೂ ಇಟ್ಟಿದ್ದ. ಮನೆಯಲ್ಲಿ ಪರೀಕ್ಷೆ ಮಾಡಲು ಅದನ್ನು ತನ್ನ ಫೋನಿಗೆ ಜೋಡಿಸಿದ್ದು, ಆಮೇಲೆ ಅಳಿಸಲು ಮರೆತದ್ದು, ಇವೆರಡನ್ನೂ ಅವನು ಯಾರಿಗೂ ಹೇಳಿರಲಿಲ್ಲ.

ಬುಧವಾರ ಅವನು ಸಮನ್ಸಿನ ಕಟ್ಟು ಕೊಡಲು ಕೋರ್ಟಿಗೆ ಹೋಗಿ, ಕಾರಿಡಾರಿನಲ್ಲಿ ನಿಂತು ಅತ್ತೆಗೆ ಸಂದೇಶ ಬರೆಯುತ್ತಿದ್ದ. ಭಾನುವಾರದ ಎಲೆಕೋಸಿನ ಸುರುಳಿಗೆ ಹೊಗೆ ಹಾಕಿದ ಮಾಂಸ ತರಬೇಕೋ ಬೇಡವೋ ಎಂಬುದು ವಿಷಯ. ಒಳಗೆ ವಿಚ್ಛೇದನದ ವಿಚಾರಣೆ. ನೆವೆಂಕಾಳ ಕಿರುಬೆರಳು ಆ ಹಾರುವ ಗುಂಡಿಗೆ ತಗುಲಿತು. ತಿಹೊಮಿರ್ ನೋಡನೋಡುತ್ತಿದ್ದಂತೆ ಅವನ ಫೋನಿನಲ್ಲಿ ಅಕ್ಷರಗಳು ತಾವಾಗಿಯೇ ಮೂಡತೊಡಗಿದವು. 'ಅರ್ಜಿದಾರನು ಹೆಂಡತಿಯೊಂದಿಗೆ ಒಂದೇ ಸೂರಿನಡಿ ಬಾಳುವುದು ಇನ್ನು ಅಸಾಧ್ಯವೆಂದು ತಿಳಿಸುತ್ತಾನೆ.' ಸಾಲು ಮುಗಿಯಿತು, ಅಲ್ಲಿ ಎಂಟರ್ ಬಿತ್ತು, ಸಂದೇಶ ಹೋಯಿತು. 'ಅತ್ತೆಯ ಮಧ್ಯಪ್ರವೇಶವೇ ಮುಖ್ಯ ಕಾರಣವೆಂದೂ ತಿಳಿಸುತ್ತಾನೆ.' ಅದೂ ಹೋಯಿತು.

"ಫೋನ್ ಆಫ್ ಮಾಡಬಹುದಿತ್ತಲ್ಲ?" ಎಂದು ನಾನು ಆಮೇಲೆ ಕೇಳಿದೆ.

"ಮುಂದೇನು ಹೇಳ್ತಾನೆ ಅಂತ ಓದ್ತಾ ನಿಂತುಬಿಟ್ಟೆ ಡಾಕ್ಟ್ರಮ್ಮ," ಎಂದ ತಿಹೊಮಿರ್. "ಎಲ್ಲಾ ನಿಜಾನೇ ಇತ್ತು."

ಅತ್ತೆ ಮಧ್ಯಾಹ್ನದ ಬಸ್ಸಿಗೇ ಬಂದಿಳಿದು, ಮಗಳ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿ, ಮಗಳು ಒಪ್ಪದಿದ್ದಾಗ ತಾನೇ ಅಲ್ಲಿ ಉಳಿದುಕೊಂಡಳು.

ಮೂರನೆಯ ವಾರ ನನ್ನದು. ನೆವೆಂಕಾ ಭಾನುವಾರ ನನ್ನ ಮನೆಗೆ ಬಂದು, ವಯಲ್ಲಿನಲ್ಲಿ ಗುಂಡಿ ಬದಲಿಸುವುದನ್ನು ಕಾಫಿ ಆರುವುದರೊಳಗೆ ಕಲಿತಳು. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ವಾಕ್ಯ ಬರುವಂತೆ ಮಾಡಬಹುದು ಎಂದಾಗ ಅವಳು ಕಪ್ಪನ್ನು ಕೆಳಗಿಟ್ಟಳು.

"ಪಾಂತೆಲಿಚ್ ಹತ್ತಿರ ಇರೋದೇ ಇಪ್ಪತ್ತಮೂರು ವಾಕ್ಯ," ಎಂದಳು. "ಹದಿನಾರು ವರ್ಷದಿಂದ ಅವನ್ನೇ ತಿರುಗಿಸಿ ಮುರುಗಿಸಿ ಹೇಳ್ತಾರೆ. ಹೆಸರು ಮಾತ್ರ ಬೇರೆ."

ಚಿಪ್ಪಿನ ನೆನಪಿನಲ್ಲಿ ಇಪ್ಪತ್ತಮೂರಕ್ಕೂ ಜಾಗ ಸಾಲಲಿಲ್ಲ. ನ್ಯಾಯಾಧೀಶರ ವಿಶೇಷಣಗಳನ್ನೆಲ್ಲ ಕತ್ತರಿಸಿ ಹಾಕಿದ ಮೇಲೆ ಎಲ್ಲವೂ ಹಿಡಿದವು. ಸಾಕ್ಷಿಗೆ ಎಚ್ಚರಿಕೆ ನೀಡಲಾಯಿತು ಎಂಬುದು ಎರಡು ಗುಂಡಿ. ವಿಚಾರಣೆ ಮುಂದೂಡಲಾಯಿತು ಎಂಬುದು ಎರಡು ಗುಂಡಿ. ಕಕ್ಷಿದಾರರು ರಾಜಿಯಾದರು ಎಂಬುದೂ ಎರಡು ಗುಂಡಿ. ಹದಿನಾರು ವರ್ಷದಲ್ಲಿ ನಾಲ್ಕೇ ಸಲ ಬೇಕಾದ ವಾಕ್ಯವೆಂದು ಅದನ್ನು ಉಳಿದ ಜಾಗದಲ್ಲಿ, 'ಕೆ' ಮತ್ತು 'ಒ' ಗುಂಡಿಗಳ ಮೇಲೆ ಇಟ್ಟೆವು.

ಸೋಮವಾರ ಪಾಂತೆಲಿಚ್ ವಾಕ್ಯ ಶುರುಮಾಡುವಷ್ಟರಲ್ಲಿ ಅದು ಪರದೆಯ ಮೇಲೆ ಮುಗಿದಿರುತ್ತಿತ್ತು. ಮಂಗಳವಾರ ಅವರು ಅರ್ಧಕ್ಕೇ ನಿಲ್ಲಿಸತೊಡಗಿದರು. ಬುಧವಾರದಿಂದ ಬರೀ ಕೆಮ್ಮಿದರು. ಒಂದು ಸಣ್ಣ ಕೆಮ್ಮಿಗೆ ಎಚ್ಚರಿಕೆ, ಎರಡಕ್ಕೆ ಮುಂದೂಡಿಕೆ. ಗುರುವಾರದ ಹೊತ್ತಿಗೆ ಅಭ್ಯಾಸವೇ ತಿರುಗಿತ್ತು. ನೆವೆಂಕಾ ಟೈಪಿಸಿದ್ದನ್ನು ಪರದೆಯ ಮೇಲೆ ನೋಡಿ ನ್ಯಾಯಾಧೀಶರು ಗಟ್ಟಿಯಾಗಿ ಓದುತ್ತಿದ್ದರು. ಕೇಸುಗಳು ಬೇಗ ಮುಗಿದವು. ಯಾರಿಗೂ ದೂರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೆವೆಂಕಾ ಫೋನ್ ಮಾಡಿದಳು. "ಕೋರ್ಟಿನ ಹೀಟರ್ ನಿಲ್ಲಿಸಿದ್ದಾರೆ. ಬೆರಳು ಮರಗಟ್ಟಿ ಎರಡು ಗುಂಡಿ ಒಟ್ಟಿಗೆ ಬೀಳ್ತಿಲ್ಲ. ವಾಕ್ಯ ಬರ್ತಿಲ್ಲ ಸ್ಪೊಮೆಂಕಾ."

ಎರಡು ಗುಂಡಿಗಳು ಎಷ್ಟು ಹೊತ್ತಿನೊಳಗೆ ಬಿದ್ದರೆ 'ಒಟ್ಟಿಗೆ' ಎಂದು ಲೆಕ್ಕ ಎಂಬುದನ್ನು ಫರ್ಮ್‌ವೇರಿನಲ್ಲಿ ನಾವೇ ಹೇಳಬಹುದು. ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಇತ್ತು. ನಾನು ಲ್ಯಾಪ್‌ಟಾಪ್ ಹಿಡಿದು ಹೋಗಿ, ಕಾರಿಡಾರಿನ ಕಿಟಕಿಕಟ್ಟೆಯ ಮೇಲೆ ಇಟ್ಟು, ಕೀಲಿಮಣೆಯನ್ನು ಜೋಡಿಸಿ, ಆ ಅವಧಿಯನ್ನು ನಾಲ್ಕು ಪಟ್ಟು ಮಾಡಿದೆ. ಇದು ನಾನು ಮಾಡಿದ ತಪ್ಪು, ವಯಲ್ಲಿನದಲ್ಲ. ನಂತರ ವಿಚಾರಣೆ ನೋಡೋಣವೆಂದು ಹಿಂದಿನ ಬೆಂಚಿನಲ್ಲಿ ಕೂತೆ.

ಅಂದು ಗ್ವೊಜ್ದೆನ್ ಮತ್ತು ಸ್ಟಾಮೆಂಕೊ ಅವರ ಕೇಸು. ಇಬ್ಬರೂ ಕೂಮ್‌ಗಳು, ಒಬ್ಬರ ಮದುವೆಗೆ ಇನ್ನೊಬ್ಬರು ಸಾಕ್ಷಿ ನಿಂತವರು, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಹೆಸರಿಟ್ಟವರು. ನಮ್ಮ ಕಡೆ ಅದು ರಕ್ತಸಂಬಂಧಕ್ಕಿಂತ ದೊಡ್ಡದು. ಪ್ಲಮ್ ಹಣ್ಣಿನ ಸಾರಾಯಿ, ರಕಿಯಾ, ಇಳಿಸಲು ಇಬ್ಬರೂ ಸೇರಿ ಒಂದು ತಾಮ್ರದ ಭಟ್ಟಿ ಮಾಡಿಸಿದ್ದರು. ಒಂಬತ್ತು ವರ್ಷದ ಹಿಂದೆ ಭಟ್ಟಿಯ ಕಾವಲಿಗೆ ಕೂತ ಗ್ವೊಜ್ದೆನ್ ನಿದ್ದೆ ಹೋದನೋ, ಸ್ಟಾಮೆಂಕೊ ಬೆಂಕಿ ಜಾಸ್ತಿ ಹಾಕಿದನೋ, ಇಡೀ ಹಂಡೆ ತಳ ಹಿಡಿದಿತ್ತು. ಗ್ವೊಜ್ದೆನ್ ಹಂಡೆಯನ್ನು ತನ್ನ ಮನೆಗೆ ಎಳೆದೊಯ್ದ. ಸ್ಟಾಮೆಂಕೊ ಮುಚ್ಚಳವನ್ನೂ ಕೊಳವೆಯನ್ನೂ ಒಯ್ದ. ಅಂದಿನಿಂದ ಒಬ್ಬ ಹಂಡೆಗಾಗಿ, ಒಬ್ಬ ಮುಚ್ಚಳಕ್ಕಾಗಿ ಕೋರ್ಟಿನಲ್ಲಿದ್ದರು. ಎರಡು ತೋಟಗಳಲ್ಲೂ ಪ್ಲಮ್ ಒಂಬತ್ತು ಸಲ ಹಣ್ಣಾಗಿ ಕೊಳೆತಿತ್ತು.

ಸ್ಟಾಮೆಂಕೊ ಎದ್ದು, "ಹಂಡೆ..." ಎಂದು ಶುರುಮಾಡಿದ. ಪಾಂತೆಲಿಚ್, "ವಾದಿ ಸ್ಟಾಮೆಂಕೊ ಹೇಳುವುದೇನೆಂದರೆ," ಎಂದರು. ನೆವೆಂಕಾ ಯಾವತ್ತಿನಂತೆ ಪರದೆ ನೋಡದೆ, ನ್ಯಾಯಾಧೀಶರ ಮುಖ ನೋಡುತ್ತಾ ಟೈಪಿಸಿದಳು. ನಮ್ಮ ಲಿಪಿಯಲ್ಲಿ ಬರೆದರೆ ಆ ಹೆಸರಿನ ಕೊನೆಯಲ್ಲಿ 'ಕೆ' ಮತ್ತು 'ಒ' ಬೆನ್ನುಬೆನ್ನಿಗೆ ಬರುತ್ತವೆ. ಕೀಲಿಮಣೆ ಅವೆರಡನ್ನೂ ನುಂಗಿತು. ಕಕ್ಷಿದಾರರ ಮೇಜಿನ ಮೇಲಿದ್ದ ಪರದೆಯಲ್ಲಿ ಒಂದೇ ಉಸಿರಿಗೆ ಮೂಡಿತು: 'ವಾದಿ ಸ್ಟಾಮೆನ್ ಕಕ್ಷಿದಾರರು ಪರಸ್ಪರ ಒಪ್ಪಿ ರಾಜಿ ಮಾಡಿಕೊಂಡಿದ್ದಾರೆ. ಇನ್ನು ಯಾರಿಗೂ ಯಾರ ಮೇಲೂ ತಕರಾರಿಲ್ಲ.'

ಗ್ವೊಜ್ದೆನ್ ಕನ್ನಡಕ ಹಾಕಿಕೊಂಡು ಓದಿದ. ತುಟಿ ಅಲ್ಲಾಡಿತು. ಮತ್ತೊಂದು ಸಲ ಓದಿದ. ಆಮೇಲೆ ಸ್ಟಾಮೆಂಕೊನತ್ತ ತಿರುಗಿದ. ಸ್ಟಾಮೆಂಕೊನೂ ಅದೇ ಪರದೆ ಓದಿ ಅವನತ್ತ ತಿರುಗಿದ್ದ.

"ಒಪ್ಪಿಕೊಂಡ್ಯಾ ಕೂಮ್?" ಎಂದ ಗ್ವೊಜ್ದೆನ್, ಮೆತ್ತಗೆ.

"ನೀನು ಒಪ್ಪಿದ ಮೇಲೆ ನಾನೇನು ಕಲ್ಲಾ?" ಎಂದ ಸ್ಟಾಮೆಂಕೊ.

ಇಬ್ಬರೂ ಮೇಜು ಬಳಸಿಕೊಂಡು ಬಂದು, ನಮ್ಮ ಪದ್ಧತಿಯಂತೆ ಮೂರು ಸಲ ಕೆನ್ನೆಗೆ ಮುತ್ತಿಟ್ಟುಕೊಂಡರು. ಪಾಂತೆಲಿಚ್ ವಾರದ ಅಭ್ಯಾಸದಂತೆ ಪರದೆಯಲ್ಲಿದ್ದುದನ್ನು ಗಟ್ಟಿಯಾಗಿ ಓದಿ, "ಸಹಿ ಹಾಕಿ," ಎಂದರು. ಓದುವಾಗ ಅರ್ಧ ಹೆಸರೂ ಅವರ ಗಮನಕ್ಕೆ ಬರಲಿಲ್ಲ. ನೆವೆಂಕಾ ಮಾತ್ರ ಪರದೆ ನೋಡಿ ಬಿಳಿಚಿಕೊಂಡಳು. ಅವಳು ನನ್ನ ಕಡೆ ನೋಡಿದಾಗ ನಾನು ಬೆಂಚಿನ ಕೆಳಗೆ ಬಿದ್ದ ಏನನ್ನೋ ಹುಡುಕುತ್ತಿದ್ದೆ.

ಮಾರನೆಯ ವಾರ ಸ್ಟಾಮೆಂಕೊನ ವಕೀಲ ಅರ್ಜಿ ಹಾಕಿದ. ತನ್ನ ಕಕ್ಷಿದಾರ ಅಂದು 'ಹಂಡೆ' ಎಂಬ ಒಂದೇ ಒಂದು ಪದ ಆಡಿದ್ದನೆಂದೂ, ರಾಜಿಯ ಮಾತನ್ನು ಯಾರೂ ಎತ್ತಿರಲಿಲ್ಲವೆಂದೂ, ಆ ವಾಕ್ಯ ಎಲ್ಲಿಂದ ಬಂತೆಂದು ತನಿಖೆಯಾಗಬೇಕೆಂದೂ ಬರೆದಿದ್ದ. ನ್ಯಾಯಾಧೀಶರು ಕೇಳಿದ ತಕ್ಷಣ ನೆವೆಂಕಾ ನಿಜ ಹೇಳಿಬಿಟ್ಟಳು. ತಜ್ಞರ ಸಾಕ್ಷ್ಯಕ್ಕೆ ನಮಗೆ ಮೂವರಿಗೂ ಸಮನ್ಸ್ ಬಂತು. ತಿಹೊಮಿರ್ ತನ್ನದನ್ನು ತಾನೇ ತನಗೆ ತಲುಪಿಸಿ, ತಾನೇ ಸಹಿ ಹಾಕಿಕೊಂಡ.

ವಿಚಾರಣೆಯ ದಿನ ಮೊದಲ ಪ್ರಶ್ನೆ, ದಾಖಲೆಯನ್ನು ಯಾವುದರಲ್ಲಿ ಟೈಪಿಸುವುದು ಎಂಬುದು. ನೆವೆಂಕಾ ನನ್ನ ಕೀಲಿಮಣೆಗೆ ಕೈ ಹಾಕಿದಳು.

"ಅದು ಹೇಗಾಗುತ್ತೆ ಸ್ವಾಮಿ?" ಎಂದ ವಕೀಲ. "ಆರೋಪಿ ಕೈಗೇ ಪೆನ್ನು ಕೊಟ್ಟು ಹೇಳಿಕೆ ಬರ್ಕೋ ಅಂದ ಹಾಗಾಯ್ತಲ್ಲ."

ಅವಳಿಗೆ ಕೋರ್ಟಿನ ಹಳೆಯ ಕೀಲಿಮಣೆ ಕೊಟ್ಟರು. ನನ್ನದನ್ನು ಸಾಕ್ಷ್ಯವಸ್ತುವೆಂದು ಚೀಟಿ ಅಂಟಿಸಿ ಮೇಜಿನ ಮೇಲಿಟ್ಟರು. ಎಡ ಹೋಳಿಗೊಂದು ಚೀಟಿ, ಬಲ ಹೋಳಿಗೊಂದು.

ಓಜ್ರೆನ್ ಮೊದಲು ನಿಂತ, ಕೋಟು ಹಾಕಿಕೊಂಡು ಬಂದಿದ್ದ. "ಮೊದಲಿಗೆ ಒಂದು ವಿಷಯ. ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ. ಅದು ಬರೀ ಸಂಖ್ಯೆ ಕಳಿಸುತ್ತೆ. ಅಕ್ಷರ ಮಾಡೋದು ಕಂಪ್ಯೂಟರು."

ಪಾಂತೆಲಿಚ್ ನೆವೆಂಕಾಳ ಕಡೆ ತಿರುಗಿ, ಎರಡು ವಾರದ ನಂತರ ಮತ್ತೆ ಪೂರ್ತಿ ವಾಕ್ಯ ಹೇಳಿದರು. "ಕೀಲಿಮಣೆಯು ಅನಕ್ಷರಸ್ಥವೆಂದು ಸಾಕ್ಷಿ ತಿಳಿಸಿದರು."

"ಅನಕ್ಷರಸ್ಥ ಅಲ್ಲ ಸ್ವಾಮಿ, ಅದಕ್ಕೆ..."

"ಅನಕ್ಷರಸ್ಥವಲ್ಲವೆಂದೂ ಅದೇ ಸಾಕ್ಷಿ ತಿಳಿಸಿದರು. ಮುಂದೆ."

"ಇದೇ ಕ್ಯೂಎಂಕೆ ಆಗಿದ್ರೆ, ಅವಧಿ ಬದಲಾಯಿಸೋಕೆ ಕೋಡ್ ಬರೀಬೇಕಿತ್ತು. ಎರಡು ದಿನ ಹಿಡೀತಿತ್ತು. ಅಷ್ಟರಲ್ಲಿ ಕೇಸು ಮುಂದಕ್ಕೆ ಹೋಗಿರೋದು, ಈ ರಾಜಿ ಆಗ್ತಾನೇ ಇರಲಿಲ್ಲ."

"ಅಂದ್ರೆ ನಿಮ್ಮದರ ಒಳ್ಳೆ ಗುಣ ಏನು? ಜಗಳ ಉಳಿಸುತ್ತೆ ಅಂತಲೇ?" ಎಂದರು ಪಾಂತೆಲಿಚ್.

ತಿಹೊಮಿರ್ ಕೈಯೆತ್ತಿದ. "ಜೆಡ್‌ಎಂಕೆಯಲ್ಲಿ ಒಂದೊಂದು ಜೋಡಿಗೂ ಬೇರೆ ಬೇರೆ ಅವಧಿ ಕೊಡಬಹುದು ಸ್ವಾಮಿ. ರಾಜಿಗೆ ಬಿಗಿ, ಮುಂದೂಡಿಕೆಗೆ ಸಡಿಲ."

"ಅದು ಕ್ಯೂಎಂಕೆಯಲ್ಲೂ ಆಗುತ್ತೆ," ಎಂದ ಓಜ್ರೆನ್.

"ಆಗುತ್ತೆ. ಮಾಡೋರು ಯಾರು? ಬಿಜ್ಜು ಪಕ್ಕ ಒಂದು ವಾರ ಕೂರಬೇಕು."

"ನಿನ್ನ ಕೀಬೋರ್ಡ್ ನಿಮ್ಮತ್ತೆಗೆ ಕಾಗದ ಬರೆದಿತ್ತಲ್ಲ, ಅದನ್ನೂ ಹೇಳಪ್ಪ."

"ವೈಯಕ್ತಿಕ ವಿಷಯ ಬೇಡ," ಎಂದು ಪಾಂತೆಲಿಚ್ ಗದರಿಸಿ, "ಎರಡನೆಯ ತಜ್ಞರ ಅತ್ತೆಯ ಪ್ರಸ್ತಾಪವಾಯಿತು," ಎಂದು ನೆವೆಂಕಾಗೆ ಹೇಳಿದರು.

ನನ್ನ ಸರದಿ ಬಂದಾಗ ನಾನು ನಡೆದದ್ದನ್ನು ನೆಟ್ಟಗೆ ಹೇಳಿದೆ. ಅವಧಿ ಹೆಚ್ಚಿಸಿದ್ದು ನಾನು, ಗುಂಡಿ ಆರಿಸಿದ್ದು ನಾನೂ ನೆವೆಂಕಾಳೂ, ವಯಲ್ ಹೇಳಿದ್ದನ್ನಷ್ಟೇ ಮಾಡಿತು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಪಾಂತೆಲಿಚ್, "ಒಂದೇ ಮಾತಲ್ಲಿ ಹೇಳಿ, ಈ ಮೂರರಲ್ಲಿ ಯಾವುದು ಒಳ್ಳೇದು?" ಎಂದು ಕೇಳಿಬಿಟ್ಟರು. ಆ ಒಂದು ಮಾತಿಗೆ ಎರಡೂವರೆ ಗಂಟೆ ಹಿಡಿಯಿತು. ಬ್ಯಾಟರಿಯ ಬಾಳಿಕೆ, ಚಿಪ್ಪಿನ ಜಾಗ, ಗುಂಡಿಯನ್ನು ತಟ್ಟಿದರೊಂದು ಒತ್ತಿಹಿಡಿದರೊಂದು ಅರ್ಥ ಕೊಡುವ ಬಗೆ, ಎಲ್ಲವನ್ನೂ ಪಾಂತೆಲಿಚ್ ತಮ್ಮ ಮಾತಿಗೆ ತಿರುಗಿಸಿ ಹೇಳುತ್ತಾ ಹೋದರು, ನೆವೆಂಕಾ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಟೈಪಿಸುತ್ತಾ ಹೋದಳು. ನಡುವೆ ವಕೀಲನೇ, ತನ್ನ ಆಫೀಸಿಗೆ ಒಂದು ಬೇಕಾದರೆ ತಂತಿಯದು ವಾಸಿಯೋ ತಂತಿಯಿಲ್ಲದ್ದು ವಾಸಿಯೋ ಎಂದು ಕೇಳಿದ. ಅದೂ ದಾಖಲಾಯಿತು.

ಕೊನೆಗೆ ಗ್ವೊಜ್ದೆನ್ ಎದ್ದು ನಿಂತ. ಅಷ್ಟು ಹೊತ್ತು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ನಂಗೆ ಇದೆಲ್ಲ ಅರ್ಥ ಆಗಲ್ಲ. ಒಂದೇ ಪ್ರಶ್ನೆ," ಎಂದ. "ಅವತ್ತು ಮೊದಲು ಒಪ್ಪಿದ್ದು ಯಾರು? ಅವನಾ, ನಾನಾ?"

ನಾನೇ ಹೇಳಬೇಕಾಯಿತು. "ಇಬ್ಬರೂ ಅಲ್ಲ. ಕೀಬೋರ್ಡು."

ಸ್ಟಾಮೆಂಕೊ ಚೀಟಿ ಅಂಟಿಸಿದ ಎರಡು ಹೋಳುಗಳನ್ನು ದಿಟ್ಟಿಸಿದ. ಈಗ ಮತ್ತೆ ಹಂಡೆ ಒಂದು ಕಡೆ, ಮುಚ್ಚಳ ಒಂದು ಕಡೆ ಎಂದುಕೊಂಡೆ.

"ಹಾಗಾದ್ರೆ ನಾನು ಸೋತಿಲ್ಲ," ಎಂದ ಗ್ವೊಜ್ದೆನ್, ನಿಧಾನವಾಗಿ.

"ನಾನೂ ಸೋತಿಲ್ಲ," ಎಂದ ಸ್ಟಾಮೆಂಕೊ. ಹದಿನೈದು ದಿನದಿಂದ ಅವನ ನಿದ್ದೆ ಕೆಡಿಸಿದ್ದ ವಿಷಯ ಅದೇ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. "ನಾನು ಬಾಗಿದೆ ಅಂತ ನನ್ನ ಹೆಂಡತಿ ಊರೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಈಗ ಕೋರ್ಟೇ ಹೇಳ್ತಲ್ಲ, ಬಾಗಿಲ್ಲ ಅಂತ."

"ಅರ್ಜಿ ವಾಪಸ್ ತಗೋ ಮಾರಾಯ," ಎಂದು ಅವನು ತನ್ನ ವಕೀಲನಿಗೆ ಹೇಳಿದ. ವಕೀಲ ಏನೋ ಹೇಳಲು ಹೋದ. "ತಗೋ ಅಂದ್ನಲ್ಲ. ಕೊಳವೆಗೆ ಕಲಾಯಿ ಹಾಕಿಸಬೇಕು, ನಂಗೆ ಹೊತ್ತಾಗ್ತಿದೆ."

ಪಾಂತೆಲಿಚ್ ಗಂಟಲು ಸರಿಮಾಡಿಕೊಂಡು, ನೆವೆಂಕಾಳ ಕಡೆ ನೋಡಿ ಸಣ್ಣಗೆ ಒಂದು ಸಲ ಕೆಮ್ಮಿದರು. ಏನೂ ಬರಲಿಲ್ಲ. "ಹೇಳಿದ್ರೆ ಮಾತ್ರ ಬರುತ್ತೆ ಸ್ವಾಮಿ, ಇದು ಹಳೇದು," ಎಂದಳು ಅವಳು. ಅವರು ಪೂರ್ತಿ ಹೇಳಿದರು. ಅವಳು ಅಕ್ಷರ ಅಕ್ಷರವಾಗಿ ಟೈಪಿಸಿದಳು. ಇಬ್ಬರೂ ಮತ್ತೊಮ್ಮೆ ಸಹಿ ಹಾಕಿದರು.

ನೆವೆಂಕಾ ಮೂರರಲ್ಲಿ ಯಾವುದನ್ನೂ ಇದ್ದ ಹಾಗೆ ಇಟ್ಟುಕೊಳ್ಳಲಿಲ್ಲ. ಬೇಸಿಗೆಯಲ್ಲಿ ಓಜ್ರೆನ್‌ನಿಂದಲೇ ಕೋಡ್ ಬರೆಯುವುದನ್ನು ಕಲಿತು, ಕ್ಯೂಎಂಕೆಯಲ್ಲಿ ತನ್ನದೇ ಕೀಲಿಮಣೆ ಮಾಡಿಕೊಂಡಳು. ಈಗ ವಾಕ್ಯ ಬರಬೇಕಾದರೆ ಎರಡು ಗುಂಡಿ ಸಾಲದು, ಕಾಲಿನ ಪೆಡಲನ್ನೂ ಒತ್ತಬೇಕು. ಹೊಲಿಗೆ ಯಂತ್ರದ ಪೆಡಲು ಬಿಚ್ಚಿ ತಂದದ್ದು. ಶನಿವಾರ ನಮ್ಮ ಜೊತೆಗೇ ಕೂರುತ್ತಾಳೆ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ವಾದಿಸುತ್ತಾಳೆ.

ಆ ವಿಚಾರಣೆಯ ದಾಖಲೆ ನಲವತ್ತೊಂದು ಪುಟವಾಯಿತು. ಕೀಲಿಮಣೆ ಕಟ್ಟುವ ಹುಚ್ಚಿರುವವರು ಯಾರೋ ಅದರ ಪ್ರತಿ ತೆಗೆಸಿಕೊಂಡು ಹೋದರು. ಅವರಿಂದ ಇನ್ನೊಬ್ಬರಿಗೆ ಹೋಯಿತು. ಈಗ ಗೊತ್ತಿಲ್ಲದ ಊರುಗಳಿಂದಲೂ ನ್ಯಾಯಾಲಯಕ್ಕೆ ಕಾಗದ ಬರುತ್ತದೆ, ಮೂರು ಫರ್ಮ್‌ವೇರುಗಳ ಗುಣದೋಷವನ್ನು ಇಷ್ಟು ಸ್ಪಷ್ಟವಾಗಿ ಎಲ್ಲೂ ಓದಿಲ್ಲವೆಂದು. ಪಾಂತೆಲಿಚ್ ಆ ಕಾಗದಗಳನ್ನು ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದಾರಂತೆ.

ಓಜ್ರೆನ್‌ಗೆ ಮಾತ್ರ ಸಮಾಧಾನವಿಲ್ಲ. ಹದಿನೇಳನೆಯ ಪುಟದಲ್ಲಿ 'ಇಲ್ಲಿ ಮೊದಲನೆಯ ತಜ್ಞರು ಗೊಂದಲಕ್ಕೊಳಗಾದರು' ಎಂದಿದೆ. ತಾನು ಗೊಂದಲಕ್ಕೊಳಗಾಗಿರಲಿಲ್ಲ, ನೀರು ಕುಡಿಯುತ್ತಿದ್ದೆ ಎಂದು ತಿದ್ದುಪಡಿಗೆ ಅರ್ಜಿ ಹಾಕಿದ್ದಾನೆ. ನನ್ನನ್ನೂ ತಿಹೊಮಿರ್‌ನನ್ನೂ ಸಾಕ್ಷಿಗೆ ಹೆಸರಿಸಿದ್ದಾನೆ. ಅಕ್ಟೋಬರಿನಲ್ಲಿ ವಿಚಾರಣೆ. ನಾನು ನೋಡಿದ ಮಟ್ಟಿಗೆ ಅವನ ಲೋಟ ಖಾಲಿಯಿತ್ತು.